ಅಸ್ಥಿಯ ಅಳತೆ ಮತ್ತು ಅಜ್ಞಾತನ ಗುರುತು

ಗುರುತು ಸಿಗದ ಅಸ್ಥಿಪಂಜರವೊಂದು ದೊರೆತಾಗ ತನಿಖಾಧಿಕಾರಿಗಳು ವೈದ್ಯರ ಮುಂದಿಡುವ ಪ್ರಶ್ನೆಗಳು ಮುಖ್ಯವಾಗಿ ನಾಲ್ಕು: ಇದು ಗಂಡಿನದೋ ಹೆಣ್ಣಿನದೋ? ವಯಸ್ಸೆಷ್ಟು? ಎತ್ತರವೆಷ್ಟು? ವ್ಯಕ್ತಿ ಯಾವ ಜನಸಮುದಾಯಕ್ಕೆ ಸೇರಿದವನು? ಎಲುಬುಗಳಿಂದಲೇ ಇವಕ್ಕೆ ಉತ್ತರ ಹುಡುಕುವ ಶಾಸ್ತ್ರವನ್ನು ನ್ಯಾಯವೈದ್ಯಕೀಯ ಮಾನವಶಾಸ್ತ್ರವೆನ್ನುತ್ತಾರೆ. ನಾನಾ ಪ್ರಾಂತಗಳ ಜನ ಊರು ಬಿಟ್ಟು ಬಂದು ನೆಲೆಸುವ ಮಹಾನಗರಗಳಲ್ಲಿ ಈ ಶಾಸ್ತ್ರದ ಶಕ್ತಿಯನ್ನೂ ಮಿತಿಯನ್ನೂ ಅರಿತಿರುವುದು ಉಚಿತ.

ಲಿಂಗನಿರ್ಣಯ

ಲಿಂಗನಿರ್ಣಯಕ್ಕೆ ಅತ್ಯಂತ ವಿಶ್ವಾಸಾರ್ಹವಾದುದು ಕಟಿಭಾಗದ ಎಲುಬು. ಪ್ರಸವಕ್ಕೆ ಅನುವಾಗಿ ಹೆಣ್ಣಿನ ಕಟಿಯು ಅಗಲವಾಗಿರುತ್ತದೆ. ಮುಂಭಾಗದಲ್ಲಿ ಎರಡು ಜಘನಾಸ್ಥಿಗಳು ಕೂಡುವೆಡೆಯ ಕೆಳಗಿನ ಕೋನವು ಹೆಣ್ಣಿನಲ್ಲಿ ವಿಶಾಲ, ಗಂಡಿನಲ್ಲಿ ಕಿರಿದು. 1969ರಲ್ಲಿ ಫೆನೀಸ್ ಎಂಬ ವಿದ್ವಾಂಸರು ಜಘನಾಸ್ಥಿಯ ಮೂರು ಲಕ್ಷಣಗಳಿಂದಲೇ ನೂರಕ್ಕೆ 95ಕ್ಕೂ ಮಿಕ್ಕಿ ಸರಿಯಾದ ನಿರ್ಣಯ ಸಾಧ್ಯವೆಂದು ತೋರಿಸಿದರು. ತಲೆಬುರುಡೆಯಲ್ಲಿ ಹುಬ್ಬಿನ ಏಣು, ಕಿವಿಯ ಹಿಂದಿನ ಉಬ್ಬು, ಗದ್ದ ಇವು ಗಂಡಿನಲ್ಲಿ ಸಾಮಾನ್ಯವಾಗಿ ದೃಢ. ತೊಡೆಯೆಲುಬಿನ ತಲೆಯ ವ್ಯಾಸವೂ ಹೆಚ್ಚು. ಆದರೆ 'ಸಾಮಾನ್ಯವಾಗಿ' ಎಂಬ ಪದವನ್ನು ಮರೆಯಬಾರದು. ದೃಢಕಾಯದ ಸ್ತ್ರೀಯರೂ ಸಣ್ಣ ಮೈಕಟ್ಟಿನ ಪುರುಷರೂ ಎಲ್ಲೆಡೆ ಇದ್ದಾರೆ. ಹರೆಯಕ್ಕೆ ಬಾರದ ಮಕ್ಕಳಲ್ಲಂತೂ ಈ ಭೇದಗಳು ಸ್ಪಷ್ಟವಾಗಿ ಮೂಡಿರುವುದೇ ಇಲ್ಲ.

ವಂಶಮೂಲದ ಪ್ರಶ್ನೆ

ಇದು ಇನ್ನೂ ಜಟಿಲವಾದುದು. 1962ರಲ್ಲಿ ಅಮೆರಿಕದ ಗೈಲ್ಸ್ ಮತ್ತು ಎಲಿಯಟ್ ಎಂಬುವರು ತಲೆಬುರುಡೆಯ ಉದ್ದ, ಅಗಲ ಮೊದಲಾದ ಅಳತೆಗಳನ್ನು ಹೊಂದಿಸಿ ಗಣಿತಸೂತ್ರಗಳನ್ನು ರಚಿಸಿದರು. ಅವರು ಆಧಾರವಾಗಿಟ್ಟುಕೊಂಡದ್ದು ಅಮೆರಿಕದ ಬಿಳಿಯರು, ಕರಿಯರು ಮತ್ತು ಅಲ್ಲಿಯ ಮೂಲನಿವಾಸಿಗಳ ಬುರುಡೆಗಳನ್ನು. ಈಗ ವಾಚಕರೇ ಯೋಚಿಸಲಿ: ಧಾರವಾಡದ ಅಥವಾ ಮಂಗಳೂರಿನ ವ್ಯಕ್ತಿಯ ಬುರುಡೆಯನ್ನು ಆ ಸೂತ್ರಕ್ಕೆ ಒಪ್ಪಿಸಿದರೆ ಬರುವ ಉತ್ತರವೇನು? ಆ ಮೂರರಲ್ಲಿ ಒಂದು! 'ಇವರಾರೂ ಅಲ್ಲ' ಎಂದು ಹೇಳಲು ಸೂತ್ರಕ್ಕೆ ಬಾಯಿಲ್ಲ. ಯಾರೊಡನೆ ಹೋಲಿಸುತ್ತೇವೆಯೋ ಅವರನ್ನು ಅವಲಂಬಿಸಿಯೇ ಉತ್ತರ ಹೊರಡುತ್ತದೆ.

ಏಳು ಅಂಕಿಗಳ ಕಥೆ

ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. ವಿಮಾನದಲ್ಲಿ ಭೂಪ್ರದಕ್ಷಿಣೆಗೆ ಹೊರಟ ಅಮೆರಿಕದ ಅಮೀಲಿಯಾ ಇಯರ್‌ಹಾರ್ಟ್, 1937ರ ಜೂನ್‌ನಲ್ಲಿ ಕರಾಚಿ, ಕಲಕತ್ತೆಗಳಲ್ಲಿ ಇಳಿದು ಮುಂದೆ ಸಾಗಿ, ಜುಲೈ 2ರಂದು ಶಾಂತಸಾಗರದ ಮೇಲೆ ಕಣ್ಮರೆಯಾದರು. 1940ರಲ್ಲಿ ಅದೇ ಸಾಗರದ ನಿಕುಮರೋರೋ ದ್ವೀಪದಲ್ಲಿ ಕೆಲವು ಎಲುಬುಗಳು ಸಿಕ್ಕವು. 1941ರಲ್ಲಿ ಫಿಜಿಯ ಡಾ. ಹೂಡ್‌ಲೆಸ್ ಅವನ್ನು ಪರೀಕ್ಷಿಸಿ, ಇವು ಸುಮಾರು ಐದು ಅಡಿ ಐದೂವರೆ ಅಂಗುಲ ಎತ್ತರದ ಗಂಡಸಿನವು ಎಂದರು. ಅನಂತರ ಎಲುಬುಗಳೇ ಕಳೆದುಹೋದವು. ಉಳಿದದ್ದು ಬುರುಡೆಯ ನಾಲ್ಕು, ಕೈಕಾಲುಗಳ ಮೂರು, ಒಟ್ಟು ಏಳು ಅಳತೆಗಳು ಮಾತ್ರ.

1998ರಲ್ಲಿ ಬರ್ನ್ಸ್ ಮತ್ತು ಜಾಂಟ್ಸ್ ಮೊದಲಾದವರು ಅವೇ ಅಂಕಿಗಳನ್ನು ಹೊಸ ವಿಧಾನದಿಂದ ಪರಿಶೀಲಿಸಿ, ಅವು ಐರೋಪ್ಯ ಮೂಲದ ಎತ್ತರದ ಸ್ತ್ರೀಗೆ ಹೊಂದುತ್ತವೆ ಎಂದರು. 2015ರಲ್ಲಿ ಕ್ರಾಸ್ ಮತ್ತು ರೈಟ್ ಇದನ್ನು ಅಲ್ಲಗಳೆದು, ಎಲುಬುಗಳನ್ನು ಕಣ್ಣಾರೆ ಕಂಡ ವೈದ್ಯರ ಅಭಿಪ್ರಾಯವನ್ನು ತಳ್ಳಿಹಾಕಲು ಕಾರಣವಿಲ್ಲವೆಂದರು. 2018ರಲ್ಲಿ ಜಾಂಟ್ಸ್, ತಾವು ಹೋಲಿಕೆಗೆ ತೆಗೆದುಕೊಂಡವರಲ್ಲಿ ನೂರಕ್ಕೆ 99 ಮಂದಿಗಿಂತ ಅಮೀಲಿಯಾ ಅವರೇ ಈ ಅಳತೆಗಳಿಗೆ ಹತ್ತಿರವೆಂದು ವಾದಿಸಿದರು. ಅಂಕಿಗಳು ಅವೇ, ತೀರ್ಮಾನಗಳು ಬೇರೆ ಬೇರೆ. ಎಲುಬುಗಳು ಉಳಿದಿದ್ದರೆ ಇಂದಿನ ಡಿ.ಎನ್.ಎ. ಪರೀಕ್ಷೆಯಿಂದ ವಿವಾದ ಬಗೆಹರಿಯುವ ಸಂಭವವಿತ್ತು.

ನಮಗೇನು ಪಾಠ?

ಅಳತೆಯು ಶೋಧನೆಯ ಕ್ಷೇತ್ರವನ್ನು ಕಿರಿದುಗೊಳಿಸುತ್ತದೆ. ಹೆಸರನ್ನು ಅದು ಹೇಳಲಾರದು. ಹೆಸರು ಸಿಗುವುದು ಬದುಕಿದ್ದಾಗಿನ ದಾಖಲೆಯೊಡನೆ ಎಲುಬು ಹೊಂದಿದಾಗ. ಆದುದರಿಂದ ಹಲ್ಲಿನ ಚಿಕಿತ್ಸೆಯ ವಿವರ, ಮುರಿದ ಮೂಳೆಯ ಎಕ್ಸ್-ರೇ, ಶಸ್ತ್ರಚಿಕಿತ್ಸೆಯಲ್ಲಿ ಕೂರಿಸಿದ ಲೋಹದ ತುಂಡಿನ ಸಂಖ್ಯೆ, ಇವನ್ನು ರದ್ದಿಗೆ ಹಾಕದೆ ಜೋಪಾನ ಮಾಡಬೇಕು. ಊರಿನಿಂದ ಬರುವ ವೃದ್ಧರ ಜೇಬಿನಲ್ಲಿ ವಿಳಾಸದ ಚೀಟಿಯೊಂದಿರಲಿ. ಮನೆಯವರಾರಾದರೂ ಕಾಣೆಯಾದರೆ ಪೋಲೀಸರಿಗೆ ಭಾವಚಿತ್ರದ ಜೊತೆಗೆ ಈ ದಾಖಲೆಗಳನ್ನೂ ಒಪ್ಪಿಸಬೇಕು. ಪರಸ್ಥಳದಲ್ಲಿ ಬಾಳುವ ನಮ್ಮಲ್ಲಿ ಯಾರೊಬ್ಬರೂ ಹೆಸರಿಲ್ಲದೆ ಮಣ್ಣಾಗಬಾರದು. ಊರಿನಲ್ಲಿ ದಾರಿ ಕಾಯುವವರಿಗೆ ನಾವು ಸಲ್ಲಿಸಬೇಕಾದ ಋಣವದು.