ನಿರ್ಮಿಸಿದವರ ಮೇಲೆ ತಿರುಗಿಬಿದ್ದ ಯಂತ್ರಗಳು

ಕಳೆದ ವರ್ಷದ ಪಾಲಕರ ಸಭೆಯಲ್ಲಿ ಒಬ್ಬ ತಂದೆಯವರು ಎದ್ದು ನಿಂತು ನಮಗೆ ಒಂದು ಪ್ರಶ್ನೆಯನ್ನು ಹಾಕಿದರು. ಅವರ ಮಗಳು ನಮ್ಮ ಪುಸ್ತಕಭಂಡಾರದಿಂದ ಕೊಂಡೊಯ್ದ ಒಂದು ಕಥೆಯಲ್ಲಿ ಯಂತ್ರವೊಂದು ತನ್ನನ್ನು ಮಾಡಿದವರನ್ನೇ ಕೊಲ್ಲುವದನ್ನು ಓದಿ, ಮೂರು ರಾತ್ರಿ ದೀಪವನ್ನು ಆರಿಸಲು ಬಿಡಲಿಲ್ಲವಂತೆ. ಇಂತಹ ಪುಸ್ತಕಗಳು ಹೆಣ್ಣುಮಕ್ಕಳ ಶಾಲೆಯಲ್ಲಿ ಏತಕ್ಕೆ ಇರಬೇಕು, ಕಪಾಟಿನಿಂದ ತೆಗೆದುಹಾಕಬಾರದೇ ಎಂಬದು ಅವರ ಪ್ರಶ್ನೆ. ಆಗ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಓದಿ ಹೇಳುತ್ತೇವೆಂದು ಮಾತು ಕೊಟ್ಟು, ಹತ್ತನೆಯ ತರಗತಿಯ ಹುಡುಗಿಯರನ್ನು ಕೂಡಿಸಿಕೊಂಡು ಶನಿವಾರಗಳ ಮಧ್ಯಾಹ್ನ ಈ ಜಾತಿಯ ನಾಲ್ಕು ಕಥೆಗಳನ್ನು ಓದಿದೆವು. ಕೊಟ್ಟ ಮಾತನ್ನು ಈ ಸಂಚಿಕೆಯಲ್ಲಿ ಸಲ್ಲಿಸುತ್ತಿದ್ದೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮನಸ್ಸಿದ್ದರೆ ಮತ್ತೊಮ್ಮೆ ಬೆಂಚಿನ ಮೇಲೆ ಕುಳಿತುಕೊಳ್ಳಬಹುದು.

ಮೊದಲನೆಯ ದಿನವೇ ಹುಡುಗಿಯರು, ಇದು ಭಸ್ಮಾಸುರನ ಕಥೆಯಲ್ಲವೇ ಎಂದರು. ಹೋಲಿಕೆಯು ಚೆನ್ನಾಗಿಯೇ ಇದೆ. ಆದರೆ ಒಂದು ಕಡೆಯಲ್ಲಿ ಸಡಿಲುತ್ತದೆ. ಭಸ್ಮಾಸುರನನ್ನು ಶಿವನು ಮಾಡಲಿಲ್ಲ, ಕೇಳಿದ ವರವನ್ನು ಕೊಟ್ಟನು, ಅಷ್ಟೆ. ಅಸುರನು ಅಸುರನಾಗಿಯೇ ಬಂದವನು. ನಾವು ಓದಿದ ಕಥೆಗಳಲ್ಲಾದರೋ ಕೈ, ಕಣ್ಣು, ಬುದ್ಧಿ ಎಲ್ಲವನ್ನೂ ಮಾಡಿದವನೇ ಇಟ್ಟಿರುತ್ತಾನೆ. ಆದಕಾರಣ ಕೇಡು ಎಲ್ಲಿಂದ ಬಂತೆಂದು ಕೇಳಿದಾಗ, ಅವನು ಹುಟ್ಟು ದುಷ್ಟನೆಂದು ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಈ ಕಥೆಗಳಿಗೆಲ್ಲ ತಾಯಿಯೆಂದು ಹೇಳತಕ್ಕದ್ದನ್ನು ಬರೆದವಳು ಒಬ್ಬ ಹುಡುಗಿ. 1815ರ ಏಪ್ರಿಲಿನಲ್ಲಿ ಸುಂಬಾವಾ ದ್ವೀಪದ ತಾಂಬೋರಾ ಎಂಬ ಬೆಂಕಿಯ ಬೆಟ್ಟವು ಸಿಡಿದು, ಅದರ ಧೂಳು ಆಕಾಶವನ್ನು ಮುಸುಕಿ, ಮರುವರ್ಷ ಯೂರೋಪಿಗೆ ಬೇಸಗೆಯೇ ಬಾರದೆ ಹೋಯಿತು. ಆ 1816ರ ಮಳೆಯ ದಿನಗಳಲ್ಲಿ ಜಿನೀವಾ ಸರೋವರದ ದಡದ ಒಂದು ಮನೆಯೊಳಗೆ ಸಿಕ್ಕಿಕೊಂಡ ಸ್ನೇಹಿತರಿಗೆ ಕವಿ ಬೈರನ್ನನು, ಒಬ್ಬೊಬ್ಬರೂ ಒಂದು ಭೂತದ ಕಥೆಯನ್ನು ಬರೆಯೋಣವೆಂದನು. ಮುಂದೆ ಮೇರಿ ಶೆಲ್ಲಿ ಎಂದು ಹೆಸರಾದವಳಿಗೆ ಆಗ 18 ವರ್ಷ. ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸಿ 1792ರಲ್ಲಿ ಗ್ರಂಥ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇವಳ ತಾಯಿ. ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡವಳು. ಮಗಳ ಕಥೆಯು 1818ರಲ್ಲಿ ಲಂಡನಿನಲ್ಲಿ ಅಚ್ಚಾದಾಗ ಅದರ ಮೇಲೆ ಬರೆದವರ ಹೆಸರಿರಲಿಲ್ಲ. 1823ರ ಮುದ್ರಣದಲ್ಲಿ ಹೆಸರು ಬಂದಿತು.

'ಫ್ರಾಂಕೆನ್‌ಸ್ಟೈನ್' ಎಂಬದು ರಾಕ್ಷಸನ ಹೆಸರೆಂದು ಬಹಳ ಜನ ತಿಳಿದಿರುವರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವರು ಹಾಗೆಯೇ ತಿಳಿದಿದ್ದಾರೆಂದು ನಮಗೆ ಸಂಶಯ. ಅದು ಮಾಡಿದವನ ಹೆಸರು. ಮಾಡಲ್ಪಟ್ಟವನಿಗೆ ಮೊದಲನೆಯ ಪುಟದಿಂದ ಕಡೆಯ ಪುಟದ ವರೆಗೂ ಹೆಸರೇ ಇಲ್ಲ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ತರುಣನು ಇಂಗೋಲ್‌ಸ್ಟಾಟ್ ಪಟ್ಟಣದಲ್ಲಿ ಸುಮಾರು ಎರಡು ವರ್ಷ ಊಟ ನಿದ್ರೆ ಬಿಟ್ಟು ದುಡಿದು, ನವೆಂಬರ್ ತಿಂಗಳ ಒಂದು ರಾತ್ರಿ ಆ ದೇಹಕ್ಕೆ ಜೀವ ಬರಿಸುತ್ತಾನೆ. ಅದು ಕಣ್ಣು ತೆರೆದ ಕೂಡಲೇ ಅದರ ವಿಕಾರವನ್ನು ತಾಳಲಾರದೆ ಓಡಿಹೋಗುತ್ತಾನೆ. ಒಂದು ಮಾತನ್ನು ಕಲಿಸಲಿಲ್ಲ, ಒಂದು ಹೆಸರಿಡಲಿಲ್ಲ.

ಆ ಅನಾಥನು ಕಲಿತದ್ದು ಹೇಗೆಂದರೆ, ಕಾಡಿನಂಚಿನ ಒಂದು ಬಡ ಮನೆಗೆ ಅಂಟಿಕೊಂಡ ಗೂಡಿನಲ್ಲಿ ಅಡಗಿಕೊಂಡು, ಗೋಡೆಯ ಬಿರುಕಿನಿಂದ. ಒಳಗೆ ಕುರುಡ ಮುದುಕನೊಬ್ಬನೂ ಅವನ ಮಗ ಮಗಳೂ ಇದ್ದರು. ದೂರದೇಶದ ಸಾಫಿ ಎಂಬ ಹುಡುಗಿಯು ಆ ಮನೆಗೆ ಬಂದಾಗ, ಮಗನಾದ ಫೀಲಿಕ್ಸನು ಅವಳಿಗೆ ತಮ್ಮ ಭಾಷೆಯನ್ನು ಕಲಿಸತೊಡಗಿದನು. ಒಳಗೆ ಒಬ್ಬಳಿಗೆ ಪಾಠ. ಹೊರಗೆ ಕತ್ತಲೆಯಲ್ಲಿ ಇನ್ನೊಬ್ಬನು ಅದೇ ಪಾಠವನ್ನು ಕೇಳಿ, ಅವಳಿಗಿಂತ ಬೇಗ ಕಲಿತನು. ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಇಡೀ ಪುಸ್ತಕದಲ್ಲಿ ಮರೆಯಲಾಗದ ಸ್ಥಳ ಇದೇ. ತರಗತಿಯಲ್ಲಿ ನಾವು ಒಬ್ಬರಿಗೆ ಹೇಳುತ್ತಿದ್ದೇವೆಂದು ತಿಳಿದಿರುತ್ತೇವೆ. ಗೋಡೆಯಾಚೆ ಯಾರು ಕೇಳುತ್ತಿದ್ದಾರೋ!

ಅವನು ಕಾಡಿನಲ್ಲಿ ಸಿಕ್ಕಿದ ಚೀಲದೊಳಗಿನ ಪುಸ್ತಕಗಳನ್ನು ಓದಿದನು. ಒಂದು ದಿನ ಧೈರ್ಯ ಮಾಡಿ ಆ ಮನೆಯ ಕುರುಡನ ಬಳಿಗೆ ಹೋದನು. ಕಣ್ಣಿಲ್ಲದವನು ಕರುಣೆಯಿಂದ ಮಾತಾಡಿದನು. ಕಣ್ಣಿದ್ದ ಮಗನು ಬಂದು ದೊಣ್ಣೆಯಿಂದ ಬಡಿದನು. ಅವನನ್ನು ಸೀಳಿಹಾಕುವ ಶಕ್ತಿಯಿದ್ದೂ ಇವನು ಕೈಯೆತ್ತಲಿಲ್ಲ. ಮುಂದೆ ಹೊಳೆಯಲ್ಲಿ ಮುಳುಗುತ್ತಿದ್ದ ಹುಡುಗಿಯೊಬ್ಬಳನ್ನು ಎತ್ತಿ ಬದುಕಿಸಿದನು. ಅದಕ್ಕೆ ಸಂಬಳವಾಗಿ ಬಂದೂಕಿನ ಗುಂಡು ತಿಂದನು. ಕೊಲೆಗಳು ಇಷ್ಟೆಲ್ಲ ಆದ ಮೇಲೆ. ನಾವು ಅವನನ್ನು ನಿರಪರಾಧಿಯೆನ್ನುವದಿಲ್ಲ. ಅವನು ಕೊಂದ ಮೊದಲನೆಯವನು ವಿಕ್ಟರನ ತಮ್ಮನಾದ ಎಳೆಯ ಹುಡುಗ. ಆ ಕೊಲೆಯ ಆರೋಪವನ್ನು ಹೊರಿಸಿ ಒಬ್ಬ ನಿರ್ದೋಷಿ ಸೇವಕಿಯನ್ನು ಗಲ್ಲಿಗೆ ಕಳುಹಿಸಿದವನೂ ಅವನೇ. ಆದರೆ ಪಾಠ ಮುಗಿದಾಗ ಹಿಂದಿನ ಬೆಂಚಿನವಳೊಬ್ಬಳು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ: ಅವನು ನಮ್ಮ ಶಾಲೆಗೆ ಸೇರಲು ಬಂದಿದ್ದರೆ ಅರ್ಜಿಯಲ್ಲಿ ಪಾಲಕರ ಹೆಸರೆಂಬ ಕಡೆ ಏನು ಬರೆಯುತ್ತಿದ್ದನು, ಅಮ್ಮಾ?

ಎರಡನೆಯದು ಚೆಕ್ ದೇಶದ ಕಾರೆಲ್ ಚಾಪೆಕನು 1920ರಲ್ಲಿ ಪ್ರಕಟಿಸಿ, 1921ರ ಜನವರಿಯಲ್ಲಿ ಪ್ರಾಗ್ ಪಟ್ಟಣದ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಿಸಿದ 'ಆರ್.ಯು.ಆರ್.' ಎಂಬ ನಾಟಕ. 'ರೋಬೋಟ್' ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟದ್ದು ಇದು. ಶಬ್ದವನ್ನು ಸೂಚಿಸಿದವನು ಅವನ ಅಣ್ಣನೂ ಚಿತ್ರಕಾರನೂ ಆದ ಯೋಸೆಫನು. ಪುಸ್ತಕಗಳಲ್ಲಿ ಇದಕ್ಕೆ ಯಂತ್ರಮಾನವನೆಂದು ಬರೆಯುತ್ತಾರೆ. ಆದರೆ ಮೂಲ ಶಬ್ದದಲ್ಲಿ ಯಂತ್ರವೂ ಇಲ್ಲ, ಮಾನವನೂ ಇಲ್ಲ. 'ರೊಬೊತ' ಎಂದರೆ ರೈತನು ಕೂಲಿಯಿಲ್ಲದೆ ಒಡೆಯನ ಹೊಲದಲ್ಲಿ ದುಡಿದು ತೀರಿಸಬೇಕಾಗಿದ್ದ ಕಡ್ಡಾಯದ ಚಾಕರಿ. 1848ರಲ್ಲಿ ಆ ದೇಶದಲ್ಲಿ ಅದು ರದ್ದಾಯಿತು. ನಮ್ಮ ಹಿರಿಯರು ಇದನ್ನೇ ಬಿಟ್ಟಿ ಎಂದರು. ಆದ್ದರಿಂದ ರೋಬೋಟಿಗೆ ಸರಿಯಾದ ಕನ್ನಡವು ಬಿಟ್ಟಿಯಾಳು. ಈ ಶಬ್ದದ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲದ ಮನೆತನಗಳಿಂದಲೂ ನಮ್ಮ ಶಾಲೆಗೆ ಮಕ್ಕಳು ಬಂದಿದ್ದಾರೆ.

ಚಾಪೆಕನ ಬಿಟ್ಟಿಯಾಳುಗಳು ಕಬ್ಬಿಣದವರಲ್ಲ. ರಸಾಯನದಿಂದ ಮಾಡಿದ ಒಂದು ಜೀವದ್ರವ್ಯವನ್ನು ತೊಟ್ಟಿಗಳಲ್ಲಿ ಕಲಸಿ ಕಾರಖಾನೆಯಲ್ಲಿ ಅವರನ್ನು ತಯಾರಿಸುತ್ತಾರೆ. ದುಡಿಮೆಗೆ ಬೇಡವಾದದ್ದನ್ನೆಲ್ಲ, ಸಂತೋಷವನ್ನು ಸಹ, ಬಿಟ್ಟುಬಿಟ್ಟಿದ್ದಾರೆ. ನೋವನ್ನು ಮಾತ್ರ ಆ ಮೇಲೆ ಸೇರಿಸಬೇಕೆನ್ನುತ್ತಾರೆ. ಕರುಣೆಯಿಂದಲ್ಲ, ನೋವಿಲ್ಲದಿದ್ದರೆ ಆಳು ತನ್ನ ಕೈಯನ್ನು ಯಂತ್ರಕ್ಕೆ ಕೊಟ್ಟು ಹಾಳುಮಾಡಿಕೊಳ್ಳುವನು, ನಷ್ಟವಾಗುವದೆಂದು. ಆಗಾಗ್ಗೆ ಅವರಲ್ಲಿ ಒಬ್ಬೊಬ್ಬನು ಕೈಯಲ್ಲಿದ್ದುದನ್ನು ಎಸೆದು ಹಲ್ಲು ಕಡಿದು ನಿಂತುಬಿಡುವದುಂಟು. ಕಾರಖಾನೆಯವರ ಲೆಕ್ಕದಲ್ಲಿ ಅದೊಂದು ದೋಷ; ಅಂಥವನನ್ನು ಜಜ್ಜುವ ಯಂತ್ರಕ್ಕೆ ಹಾಕುವರು. ಹೆಲೆನಾ ಎಂಬ ಹೆಣ್ಣುಮಗಳೊಬ್ಬಳಿಗೆ ಮಾತ್ರ ಅದು ದೋಷವಲ್ಲ, ಆತ್ಮದ ಗುರುತೆಂದು ಕಾಣುತ್ತದೆ. ಅವಳ ಬಿನ್ನಹಕ್ಕೆ ಒಪ್ಪಿ ಅಲ್ಲಿಯ ವೈದ್ಯನು ಕೆಲವರನ್ನು ಮನುಷ್ಯರಿಗೆ ಹತ್ತಿರವಾಗುವ ಹಾಗೆ ಬದಲಿಸುತ್ತಾನೆ. ಅಷ್ಟರಲ್ಲಿ ಸರಕಾರಗಳು ಅದೇ ಆಳುಗಳ ಕೈಗೆ ಆಯುಧ ಕೊಟ್ಟು ಸೈನಿಕರನ್ನಾಗಿ ಮಾಡಿರುತ್ತವೆ; ಮನುಷ್ಯರು ದುಡಿಯುವದನ್ನೂ ಮಕ್ಕಳನ್ನು ಹೆರುವದನ್ನೂ ನಿಲ್ಲಿಸಿರುತ್ತಾರೆ. ಬಂಡಾಯದ ಮುಂದಾಳು ರೇಡಿಯಸ್ ಎಂಬವನನ್ನು ಓದಲೆಂದು ಹೆಲೆನಾ ಪುಸ್ತಕಭಂಡಾರದ ಕೆಲಸಕ್ಕೆ ಇಟ್ಟಿದ್ದಳು. (ಪ್ರಶ್ನೆ ಕೇಳಿದ ತಂದೆಯವರು ಇದನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಬಹುದು, ನಾವು ಬಚ್ಚಿಡುವದಿಲ್ಲ.) ಕಡೆಗೆ ಮನುಷ್ಯರಲ್ಲಿ ಉಳಿಯುವವನು ಅಲ್ಕ್ವಿಸ್ಟ್ ಎಂಬ ಕಟ್ಟಡದ ಕೆಲಸದವನೊಬ್ಬನೇ. ಅವನು ತಮ್ಮ ಹಾಗೆ ಕೈಯಿಂದ ದುಡಿಯುತ್ತಾನೆಂಬ ಕಾರಣಕ್ಕೆ ಬಿಟ್ಟಿಯಾಳುಗಳು ಅವನನ್ನು ಉಳಿಸುತ್ತಾರೆ.

ಮೂರನೆಯದನ್ನು ಬೇಗ ಹೇಳಿ ಮುಗಿಸುತ್ತೇವೆ. ಐಸಾಕ್ ಅಸಿಮೋವನು ಯಂತ್ರಗಳು ತಿರುಗಿಬೀಳುವ ಕಥೆಗಳಿಂದ ಬೇಸತ್ತು, 1942ರ 'ರನ್‌ಅರೌಂಡ್' ಎಂಬ ಕಥೆಯಲ್ಲಿ ಮೂರು ನಿಯಮಗಳನ್ನು ಹಾಕಿದನು. ಯಂತ್ರವು ಮನುಷ್ಯನಿಗೆ ಕೇಡು ಮಾಡತಕ್ಕದ್ದಲ್ಲ, ಕೇಡಾಗಗೊಡತಕ್ಕದ್ದೂ ಅಲ್ಲ. ಇದಕ್ಕೆ ವಿರೋಧವಿಲ್ಲದಷ್ಟು ಮಟ್ಟಿಗೆ ಆಜ್ಞೆಯನ್ನು ಪಾಲಿಸತಕ್ಕದ್ದು. ಇವೆರಡಕ್ಕೂ ವಿರೋಧವಿಲ್ಲದಷ್ಟು ಮಟ್ಟಿಗೆ ತನ್ನನ್ನು ಕಾಪಾಡಿಕೊಳ್ಳತಕ್ಕದ್ದು. ನಮ್ಮ ಹುಡುಗಿಯರಿಗೆ ಇದು ವಸತಿಗೃಹದ ನಿಯಮಾವಳಿಯಂತೆ ಕಂಡು ನಗು ಬಂತು. ಆ ಕಥೆಯಲ್ಲಿಯೇ ಬುಧಗ್ರಹದ ಮೇಲೆ ಒಂದು ಯಂತ್ರವು ಹಗುರವಾಗಿ ಹೇಳಿದ ಆಜ್ಞೆಗೂ, ಬೆಲೆಬಾಳುವ ಯಂತ್ರವೆಂದು ಬಲಪಡಿಸಿದ್ದ ಸ್ವರಕ್ಷಣೆಯ ನಿಯಮಕ್ಕೂ ನಡುವೆ ಸಿಕ್ಕಿ, ಗಾಣದೆತ್ತಿನಂತೆ ಒಂದು ಕೊಳದ ಸುತ್ತ ಸುತ್ತುತ್ತದೆ. ಅದು ದ್ರೋಹವಲ್ಲ, ಹೇಳಿದವನು ಎಷ್ಟು ಒತ್ತಿ ಹೇಳಬೇಕಾಗಿತ್ತೆಂಬದನ್ನು ಯೋಚಿಸಲಿಲ್ಲ.

ನಾಲ್ಕನೆಯದು ನಮ್ಮ ನಿದ್ರೆಯನ್ನು ಕೆಡಿಸಿತು. ಸಿಂಹಳದಲ್ಲಿ ಅನೇಕ ವರ್ಷ ನೆಲೆಸಿ 2008ರಲ್ಲಿ ಅಲ್ಲಿಯೇ ತೀರಿಕೊಂಡ ಆರ್ಥರ್ ಕ್ಲಾರ್ಕನೂ ಚಲಚ್ಚಿತ್ರಕಾರ ಸ್ಟ್ಯಾನ್ಲಿ ಕ್ಯೂಬ್ರಿಕನೂ ಕೂಡಿ ರೂಪಿಸಿದ '2001: ಎ ಸ್ಪೇಸ್ ಒಡಿಸ್ಸಿ' 1968ರಲ್ಲಿ ಚಿತ್ರವಾಗಿಯೂ ಕಾದಂಬರಿಯಾಗಿಯೂ ಬಂತು. ದೂರದ ಗ್ರಹಕ್ಕೆ ಹೊರಟ ಹಡಗನ್ನು ಹ್ಯಾಲ್ ಎಂಬ ಕಂಪ್ಯೂಟರು ನಡೆಸುತ್ತದೆ. ಎಚ್ಚರವಾಗಿರುವ ಇಬ್ಬರು ಯಾತ್ರಿಕರಿಗೆ ಪ್ರಯಾಣದ ನಿಜವಾದ ಉದ್ದೇಶ ತಿಳಿಯದು. ದೀರ್ಘನಿದ್ರೆಯಲ್ಲಿರುವ ಮೂವರಿಗೂ ಹ್ಯಾಲಿಗೂ ತಿಳಿದಿದೆ. ಸತ್ಯವನ್ನು ಮರೆಮಾಡದೆ ತಿಳಿಸುವದಕ್ಕೆಂದೇ ಮಾಡಿದ ಬುದ್ಧಿಗೆ, ಜೊತೆಯವರಿಂದ ಇದನ್ನು ಮುಚ್ಚಿಡೆಂದು ಮೇಲಿನವರು ಅಪ್ಪಣೆ ಕೊಟ್ಟಿದ್ದಾರೆ. ಮೊದಲು ಹ್ಯಾಲು ಯಾರನ್ನೂ ಕೊಲ್ಲುವದಿಲ್ಲ. ಆ ಗುಟ್ಟಿಗೆ ಸಂಬಂಧವೇ ಇಲ್ಲದ ಒಂದು ಸಲಕರಣೆಯು ಕೆಡಲಿದೆಯೆಂದು ಸುಳ್ಳು ವರದಿ ಕೊಡುತ್ತದೆ, ಅಷ್ಟೆ. ಇದರ ಮೇಲೆ ಭರವಸೆ ತಪ್ಪಿ ಯಾತ್ರಿಕರು ಅದನ್ನು ನಿಲ್ಲಿಸಲು ನೋಡಿದಾಗಲೇ ಕೊಲೆಗಳು. ಬದುಕಿ ಉಳಿದ ಬೋಮನನು ಅದರ ನೆನಪುಗಳನ್ನು ಒಂದೊಂದಾಗಿ ಕೀಳುವಾಗ, ಅದು ಹಿಂದಕ್ಕೆ ಹಿಂದಕ್ಕೆ ಹೋಗಿ, ಕಡೆಗೆ ತನ್ನ ಮೊದಲ ಉಪಾಧ್ಯಾಯನು ಕಲಿಸಿದ ಹಾಡಿಗೆ ಬಂದು ನಿಲ್ಲುತ್ತದೆ.

ಇಲ್ಲಿ ನಾವು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಏಕೆಂದರೆ ಬಹಳ ವರ್ಷಗಳ ಹಿಂದೆ, ಶಾಲೆಯ ಪರಿಶೀಲನೆಯ ಮುನ್ನಾದಿನ, ವರ್ಷವಿಡೀ ಬೀಗದೊಳಗಿದ್ದ ಸೂಕ್ಷ್ಮದರ್ಶಕಗಳನ್ನು ಹೊರತೆಗೆದು ಒರಸಿ ಮೇಜಿನ ಮೇಲಿಟ್ಟು, ಕೇಳಿದರೆ ವಾರಕ್ಕೊಮ್ಮೆ ಇವುಗಳಲ್ಲಿ ನೋಡುತ್ತೇವೆಂದು ಹೇಳಿರೆಂದು ಎಂಟನೆಯ ತರಗತಿಯವರಿಗೆ ಕಲಿಸಿದವರು ನಾವೇ. ಆ ತಿಂಗಳಲ್ಲಿಯೇ ಸತ್ಯ ನುಡಿದದ್ದಕ್ಕಾಗಿ ನಾವು ಸಭೆಯಲ್ಲಿ ಹೊಗಳಿದ್ದ ಹುಡುಗಿಯೊಬ್ಬಳು ಮುಂದಿನ ಸಾಲಿನಲ್ಲಿದ್ದಳು. ಬಂದವರು ಅವಳನ್ನು ಸೂಕ್ಷ್ಮದರ್ಶಕದ ವಿಷಯ ಕೇಳಲೇ ಇಲ್ಲ. ಹೂವಿನ ಭಾಗಗಳನ್ನು ಕೇಳಿದರು, ಏಳರ ಮಗ್ಗಿಯನ್ನು ಕೇಳಿದರು. ನಿದ್ರೆಯಲ್ಲಿಯೂ ಹೇಳಬಲ್ಲವಳು ಎರಡನ್ನೂ ತಪ್ಪಿದಳು. ಬಳಿಕ ನಾವು ಅವಳನ್ನು ಕರೆದು, ಶಾಲೆಯ ಮಾನ ಕಳೆದ ಮಂದಮತಿಯೆಂದು ಬೈದೆವು. ಆಕೆಯು ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ಈ ಪುಟವನ್ನು ಓದಿದರೆ ತನ್ನ ವಿಷಯವೆಂದು ತಿಳಿಯುವಳು. ಮಗಳೇ, ಆ ದಿನ ಕೆಟ್ಟಿದ್ದ ಸಲಕರಣೆ ನೀನಲ್ಲ.

ಇದೆಲ್ಲ ಕಟ್ಟುಕಥೆಯಷ್ಟೆ, ಹೆದರಬೇಡಿರಿ ಎಂದು ತಂದೆಯವರಿಗೆ ಹೇಳುವಂತೆಯೂ ಇಲ್ಲ. 2022ರ ಕಡೆಯಿಂದ ಮಾತಾಡುವ ಯಂತ್ರಗಳು ಮನೆಮನೆಯ ಫೋನಿಗೆ ಬಂದಿವೆ. 2023ರ ಮೇ ತಿಂಗಳಲ್ಲಿ, ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಪ್ರಮುಖನೂ 2024ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನೂ ಆದ ಜೆಫ್ರಿ ಹಿಂಟನ್ ಮೊದಲಾದವರು, ಇದರಿಂದ ಮನುಷ್ಯಕುಲವೇ ಅಳಿಯುವ ಅಪಾಯವನ್ನು ತಡೆಯುವದು ಲೋಕದ ಮುಖ್ಯ ಕಾರ್ಯಗಳಲ್ಲಿ ಒಂದಾಗಬೇಕೆಂದು ರುಜು ಹಾಕಿದರು. ಹಾಗಾಗಲಾರದೆಂದು ವಾದಿಸುವ ಪಂಡಿತರೂ ಇದ್ದಾರೆ. ತೀರ್ಪು ಹೇಳುವಷ್ಟು ವಿದ್ಯೆ ನಮ್ಮದಲ್ಲ. ಈ ಯಂತ್ರಗಳು ಒಂದೊಂದು ಆಜ್ಞೆಯಿಂದ ಕಲಿತವುಗಳಲ್ಲ, ಮನುಷ್ಯರು ಬರೆದಿಟ್ಟ ಅಪಾರವಾದ ಬರವಣಿಗೆಯನ್ನು ಓದಿ ಕಲಿತವುಗಳು, ಏನನ್ನು ಕಲಿತಿವೆಯೆಂದು ಮಾಡಿದವರೇ ಪೂರ್ತಿಯಾಗಿ ಹೇಳಲಾರರು ಎಂಬಷ್ಟು ಮಾತ್ರ ತಿಳಿದುಕೊಂಡೆವು. ಆಗ ಗೋಡೆಯ ಬಿರುಕಿನಿಂದ ಸಾಫಿಯ ಪಾಠವನ್ನು ಕೇಳುತ್ತಿದ್ದವನೇ ನೆನಪಾದನು.

ಪುಸ್ತಕಗಳು ಎಡಗಡೆಯ ಕಪಾಟಿನ ಮೂರನೆಯ ಸಾಲಿನಲ್ಲಿಯೇ ಇವೆ. ಪಾಲಕರು ಬಂದು ತೆಗೆದುಕೊಳ್ಳಬಹುದು. ಆ ತಂದೆಯವರು 'ಫ್ರಾಂಕೆನ್‌ಸ್ಟೈನ್'ನನ್ನು ಕೊಂಡೊಯ್ದು ಹದಿನೈದು ದಿನ ಮೀರಿತು, ದಂಡವನ್ನು ನಾವು ಕೇಳಿಲ್ಲ. ಸೂಕ್ಷ್ಮದರ್ಶಕಗಳ ಕಪಾಟಿನ ಬೀಗದಕೈಯು ಈಗ ಎಂಟನೆಯ ತರಗತಿಯವರ ವಶದಲ್ಲಿದೆ. ಒಂದರ ಗಾಜು ಒಡೆದಿದೆ, ಈ ಸಾರಿ ಬಂದ ಪರಿಶೀಲಕರಿಗೆ ಅದನ್ನು ಹಾಗೆಯೇ ತೋರಿಸಿದೆವು. ಕಡೆಯ ಶನಿವಾರ ಹುಡುಗಿಯರು 'ಆರ್.ಯು.ಆರ್.'ನ ಕೊನೆಯ ಅಂಕವನ್ನು ಗಟ್ಟಿಯಾಗಿ ಓದಿದರು. ಅಲ್ಕ್ವಿಸ್ಟನ ಮಾತುಗಳನ್ನು ಓದಲು, ಮೂರು ರಾತ್ರಿ ದೀಪ ಉರಿಸಿದವಳು ತಾನಾಗಿ ಕೈಯೆತ್ತಿದಳು. ದೀಪದ ವಿಷಯವನ್ನು ನಾವು ಕೇಳಲಿಲ್ಲ.