ಹಿಡಿದಿಟ್ಟ ಕೊಳೆಯನ್ನು ಬಿಡಬೇಡ

ತಮ್ಮಾ, ಹರಿಹರದಲ್ಲಿ ಪಿ.ಬಿ. ರಸ್ತೆ ಬದಿಗೆ ಶೆಡ್ ಹಿಡಿದಿದ್ದೀಯ, ಅಮಾವಾಸ್ಯೆ ಕಳೆದ ಮೇಲೆ ಪೂಜೆ ಮಾಡಿಸಿ ಗ್ಯಾರೇಜ್ ತೆರೆಯುತ್ತೀಯ ಎಂದು ಕೇಳಿ ಮನಸ್ಸು ತುಂಬಿತು. ಇಂಜಿನ್ ಕೆಲಸದಲ್ಲಿ ನಿನ್ನ ಕೈ ಪಳಗಿದೆ, ಅದರಲ್ಲಿ ನಾನು ಹೇಳಿಕೊಡಬೇಕಾದದ್ದು ಹೆಚ್ಚೇನಿಲ್ಲ. ನನಗೆ ಹೇಳಬೇಕೆನಿಸಿದ್ದು ನೀನು ಬಿಚ್ಚಿ ಬದಿಗಿಡುವ ಹಳೆಯ ಆಯಿಲ್ ಫಿಲ್ಟರಿನ ಬಗ್ಗೆ.

ಚೇಂಬರಿನಿಂದ ಇಳಿಸಿದ ಎಣ್ಣೆಗೆ ಬೆಲೆಯಿದೆ. ಲೀಟರಿಗೆ ಇಷ್ಟೆಂದು ಕೊಳ್ಳುವವರು ಬಾಗಿಲಿಗೇ ಬರುತ್ತಾರೆ, ಹಾಗಾಗಿ ಅದನ್ನು ಎಲ್ಲರೂ ಜೋಪಾನವಾಗಿ ಡ್ರಮ್ಮಿಗೆ ಸುರಿಯುತ್ತಾರೆ. ಫಿಲ್ಟರಿಗೆ ಆ ಭಾಗ್ಯವಿಲ್ಲ. ಶೆಡ್ಡಿನ ಹಿಂದಕ್ಕೆ ಎಸೆದರೆ ಮುಗಿಯಿತು. ಅಲ್ಲಿ ಮಗ್ಗುಲಾಗಿ ಬಿದ್ದು ದಿನಗಟ್ಟಲೆ ಸೋರುತ್ತದೆ. ಮಳೆ ಬಂದರೆ ಮೋರಿಗೆ, ಮೋರಿಯಿಂದ ಹೊಳೆಗೆ. ನಿನ್ನ ಶೆಡ್ಡಿಗೂ ತುಂಗಭದ್ರೆಗೂ ಎಷ್ಟು ದೂರ ಹೇಳು? ಕೆಳಗಿನ ಊರುಗಳ ಜಾಕ್‌ವೆಲ್ಲುಗಳು ಎತ್ತುವುದು ಅದೇ ನೀರನ್ನು. ಒಂದು ಲೀಟರ್ ಹಳೆಯ ಎಣ್ಣೆ ಹತ್ತು ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಜನರಿಗೆ ಕೊಡುವ ಲೆಕ್ಕ.

ಬಿಡುವಿದ್ದಾಗ ಒಂದು ಹಳೆಯ ಫಿಲ್ಟರನ್ನು ಕೊಯ್ದು ಹುಡುಗರಿಗೆ ತೋರಿಸು. ಹೊರಗೆ ಕಬ್ಬಿಣದ ಡಬ್ಬಿ, ಒಳಗೆ ನೆರಿಗೆ ಹಿಡಿದ ಕಾಗದ, ನಡುವೆ ತೂತುಗಳಿರುವ ಕೊಳವೆ, ಬೈಪಾಸ್ ವಾಲ್ವಿನ ಸ್ಪ್ರಿಂಗ್, ಬಾಯಿಯ ಹತ್ತಿರ ರಬ್ಬರಿನ ವಾಲ್ವ್. ಗಾಡಿ ನಿಂತಾಗ ಒಳಗಿನ ಎಣ್ಣೆ ಚೇಂಬರಿಗೆ ಇಳಿದುಹೋಗಬಾರದು, ಸ್ಟಾರ್ಟ್ ಮಾಡಿದ ಕೂಡಲೇ ಬೇರಿಂಗಿಗೆ ಎಣ್ಣೆ ಸಿಗಬೇಕು ಎಂದೇ ಆ ರಬ್ಬರನ್ನು ಇಟ್ಟಿರುವುದು. ಅದಕ್ಕೇ ಬಿಚ್ಚಿದ ಫಿಲ್ಟರನ್ನು ಸುಮ್ಮನೆ ಬೋರಲು ಹಾಕಿದರೆ ಅದು ಬರಿದಾಗುವುದಿಲ್ಲ. ಕಾರಿನ ಸಣ್ಣ ಫಿಲ್ಟರಿನಲ್ಲೇ ಒಂದು ಲೋಟದಷ್ಟು ಎಣ್ಣೆ ಉಳಿದಿರಬಹುದು, ಲಾರಿಯದರಲ್ಲಿ ಇನ್ನೂ ಹೆಚ್ಚು. ಅದರ ಜೊತೆಗೆ ಸವೆದ ಲೋಹದ ಪುಡಿ, ಮಸಿ. ಸಾವಿರಾರು ಕಿಲೋಮೀಟರ್ ಓಡಿದ ಇಂಜಿನ್ನಿನ ಕೊಳೆಯನ್ನು ಅದು ಒಂದೇ ಕಡೆ ಹಿಡಿದು ನಿನ್ನ ಕೈಗೆ ಕೊಟ್ಟಿದೆ. ಅದನ್ನೇ ನೆಲಕ್ಕೆ ಚೆಲ್ಲಿದರೆ ಇಂಜಿನ್ ಉಳಿಯಿತು, ಮಣ್ಣು ಕೆಟ್ಟಿತು.

ಇಂಜಿನ್ ಬೆಚ್ಚಗಿರುವಾಗಲೇ ಕಳಚು. ಕೈ ಸುಡುವಷ್ಟು ಬಿಸಿಯೂ ಬೇಡ, ಎಣ್ಣೆ ಗಟ್ಟಿಯಾಗುವಷ್ಟು ತಣ್ಣಗೂ ಬೇಡ. ಹಳೆಯ ಗ್ಯಾಸ್ಕೆಟ್ ಫಿಲ್ಟರಿನ ಜೊತೆಗೇ ಬಂತೇ ಎಂದು ಬೆರಳಾಡಿಸಿ ನೋಡು. ಅದು ಬ್ಲಾಕಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದನ್ನು ಕೂರಿಸಿದರೆ ದಾರಿಯಲ್ಲಿ ಎಣ್ಣೆಯೆಲ್ಲ ಚಿಮ್ಮಿ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಆಮೇಲೆ ಡಬ್ಬಿಯ ಗುಂಡು ತಲೆಗೆ ಒಂದು ತೂತು ಹೊಡೆದು, ಬಾಯಿ ಕೆಳಗೆ ಮಾಡಿ, ಡ್ರಮ್ಮಿನ ಮೇಲಿಟ್ಟ ಜಾಲರಿಗೆ ಹಾಕು. ಗಾಳಿ ಒಳಗೆ ಹೋದರೆ ಎಣ್ಣೆ ತಾನಾಗಿ ಇಳಿಯುತ್ತದೆ. ಕನಿಷ್ಠ 12 ಗಂಟೆ ಬಿಡಬೇಕು ಎಂದು ಅದೇ ಅಮೆರಿಕದ ಸಂಸ್ಥೆ ಹೇಳುತ್ತದೆ. ಸಂಜೆ ಇಟ್ಟು ಬೆಳಿಗ್ಗೆ ತೆಗೆದರೆ ಆಯಿತು. ಸ್ಪ್ಲೆಂಡರಿನಂಥ ಬೈಕಿಗೆ ಕಾಗದದ ಫಿಲ್ಟರಿಲ್ಲ, ಜಾಲರಿ ತೊಳೆದು ಹಾಕುತ್ತೀಯ. ಆದರೆ ತೊಳೆದ ಪೆಟ್ರೋಲನ್ನಾಗಲಿ, ಕೂಲಂಟ್, ಬ್ರೇಕ್ ಆಯಿಲನ್ನಾಗಲಿ ಈ ಡ್ರಮ್ಮಿಗೆ ಸೇರಿಸಬೇಡ. ಬೆರಕೆಯಾದ ಎಣ್ಣೆಯನ್ನು ಮತ್ತೆ ಶುದ್ಧಿ ಮಾಡುವುದು ಕಷ್ಟ, ಪೆಟ್ರೋಲ್ ಬೆರೆತರೆ ಬೆಂಕಿಯ ಭಯ ಬೇರೆ.

ಇನ್ನು ಕೈ. ನಮ್ಮಲ್ಲಿ ಕೈ ಕಪ್ಪಾದಷ್ಟೂ ಒಳ್ಳೆಯ ಮೇಸ್ತ್ರಿ ಎಂಬ ಹೆಮ್ಮೆಯಿದೆ. ಅದು ನನಗೆ ಎಂದೂ ಸರಿಕಂಡಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರಿನ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರದ ಎಣ್ಣೆ ವರ್ಷಗಟ್ಟಲೆ ಬಟ್ಟೆಗೆ ಸಿಡಿದು, ತೊಡೆಸಂದಿನ ಚರ್ಮಕ್ಕೆ ಇಳಿದು, ಕೆಲಸಗಾರರಿಗೆ ಅಲ್ಲಿ ಕ್ಯಾನ್ಸರ್ ಬರುತ್ತಿತ್ತು. 1922ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಅದನ್ನು ಬರೆದು ಜಗತ್ತಿಗೆ ತಿಳಿಸಿದರು. ಇಂಜಿನ್ನಿನಲ್ಲಿ ಓಡಿದ ಎಣ್ಣೆಯಲ್ಲಿ, ಅದರಲ್ಲೂ ಪೆಟ್ರೋಲ್ ಗಾಡಿಯದರಲ್ಲಿ, ಕ್ಯಾನ್ಸರ್ ತರುವ ವಸ್ತುಗಳು ದಿನದಿನಕ್ಕೂ ಸೇರುತ್ತಾ ಹೋಗುತ್ತವೆ. ಎಣ್ಣೆ ಒರೆಸಿದ ಬನಿಯನ್ ವೇಸ್ಟನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುವ ಅಭ್ಯಾಸ ನಿನಗೂ ಇದೆ, ನಾನು ನೋಡಿದ್ದೇನೆ. ಬಿಟ್ಟುಬಿಡು. ನೈಟ್ರೈಲ್ ಗ್ಲೌಸ್ ಹಾಕಿಕೋ, ಹುಡುಗರಿಗೂ ಕೊಡು. ಪೆಟ್ರೋಲಿನಲ್ಲಿ ಕೈ ತೊಳೆಯಲು ಬಿಡಬೇಡ, ಸೋಪು ಇಡು. ಎಣ್ಣೆ ಹಿಡಿದ ಬಟ್ಟೆಯಲ್ಲಿ ಯಾರೂ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಾರದು.

ಬರಿದಾದ ಫಿಲ್ಟರುಗಳನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ, ಮಳೆ ತಾಗದ ಕಡೆ, ಸಿಮೆಂಟ್ ನೆಲದ ಮೇಲೆ ಇಡು. ವೆಲ್ಡಿಂಗ್ ಮಾಡುವ ಜಾಗದಿಂದ ದೂರ. ಎಣ್ಣೆ ಚೆಲ್ಲಿದರೆ ನೀರು ಸುರಿಯಬೇಡ, ಮರದ ಹೊಟ್ಟು ಹಾಕಿ ಗುಡಿಸಿ ಅದನ್ನೂ ಇದರ ಜೊತೆಗೇ ಇಡು. ಸೋರುವ ಫಿಲ್ಟರನ್ನು ಗುಜರಿಗೆ ಹಾಕಿದರೆ ಅವರು ಕಾಗದ ಸುಟ್ಟು ಕಬ್ಬಿಣ ತೆಗೆಯುತ್ತಾರೆ, ಆ ಹೊಗೆ ಕುಡಿಯುವವರು ಪಕ್ಕದ ಓಣಿಯವರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಎಣ್ಣೆ, ಎಣ್ಣೆ ಹಿಡಿದ ಕಸ ಎರಡೂ ಅಪಾಯಕಾರಿ ತ್ಯಾಜ್ಯವೇ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಒಪ್ಪಿಗೆ ಪಡೆದವರಿಗೇ ಕೊಡಬೇಕು. ಅಂಥವರು ಯಾರೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳು. ಮರುಬಳಕೆಗೆ ಬಾರದ್ದನ್ನು ಕ್ರಮವಾಗಿ ಹೂಳುವುದಕ್ಕೆ ದಾಬಸ್‌ಪೇಟೆಯ ಹತ್ತಿರ ಜಾಗವಿದೆ. 2024ರ ಏಪ್ರಿಲ್ 1ರಿಂದ ಹಳೆಯ ಎಣ್ಣೆಯ ಹೊಣೆಯನ್ನು ಎಣ್ಣೆ ತಯಾರಿಸುವ ಕಂಪನಿಗಳ ಮೇಲೂ ಹೊರಿಸಿದ್ದಾರೆ. ನಿನ್ನೊಬ್ಬನ ಒಂದು ಡ್ರಮ್ಮಿಗೆ ಯಾರೂ ಗಾಡಿ ಕಳಿಸಲಿಕ್ಕಿಲ್ಲ. ಅಕ್ಕಪಕ್ಕದ ಗ್ಯಾರೇಜಿನವರನ್ನು ಕೂಡಿಸಿಕೊಂಡು ಒಟ್ಟಿಗೆ ಕೊಡಿ, ರಸೀದಿ ತೆಗೆದಿಡಿ.

ಇನ್ನೊಂದು ಮಾತು. ಗೆದ್ದಲಿಗೆ ಬಳಿಯಲು, ಸೆಂಟ್ರಿಂಗ್ ಹಲಗೆಗೆ ಹಚ್ಚಲು, ಎತ್ತಿನ ತುರಿಗೆ ಸವರಲು ಹಳೆಯ ಎಣ್ಣೆ ಕೊಡು ಎಂದು ಪರಿಚಯದವರೇ ಕೇಳುತ್ತಾರೆ. ಬೇಡ ಎನ್ನುವುದಕ್ಕೆ ನಾಲಿಗೆ ಏಳುವುದಿಲ್ಲ, ಗೊತ್ತು. ಆದರೂ ಕೊಡಬೇಡ. ದನ ಮೈ ನೆಕ್ಕುತ್ತದೆ, ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಕೂರಿಸಿ ಟೀ ಕೊಟ್ಟು ಇದನ್ನೇ ಹೇಳು, ಪಶು ಆಸ್ಪತ್ರೆಗೆ ಕಳಿಸು.