ಟೈಲ್ಸ್ ಹಾಕಿಸುವ ಮುನ್ನ ನೆಲದ ಮಟ್ಟ ಸರಿಪಡಿಸಿ

ಮೊಸಳೆ, ಹೊಳೆನರಸೀಪುರ, ಅರಕಲಗೂಡು ಕಡೆಯ ಹಳೆಯ ಮನೆಗಳ ಸಿಮೆಂಟ್ ನೆಲದ ಮೇಲೆಯೇ ಟೈಲ್ಸ್ ಹಾಕಿಸುವುದಾದರೆ ಮೊದಲು ಮಟ್ಟ ನೋಡಿಸಿ. ತಗ್ಗಿರುವ ಕಡೆ ಅಂಟನ್ನೇ ದಪ್ಪಗೆ ಬಳಿದರೆ ಅದು ಒಣಗುತ್ತಾ ಕುಗ್ಗಿ ಅಡಿಯಲ್ಲಿ ಟೊಳ್ಳು ಬೀಳುತ್ತದೆ. ಪಡಸಾಲೆಯಲ್ಲಿ ರಾಗಿ, ಆಲೂಗಡ್ಡೆ ಮೂಟೆ ಇಳಿಸಿದಾಗ ಮೊದಲು ಒಡೆಯುವುದು ಅಲ್ಲಿನ ಟೈಲ್ಸೇ.

1. ಗುರುತು ಹಾಕಿ: ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕೂ ಗೋಡೆಗೆ ಒಂದೇ ಮಟ್ಟದ ಗೆರೆ ಎಳೆದು, ಅಲ್ಲಿಂದ ನೆಲಕ್ಕೆ ಅಳೆಯಿರಿ. ಪೈಪಿನಲ್ಲಿ ಗಾಳಿಗುಳ್ಳೆ ಇರಬಾರದು. ಬಳಿಕ 10 ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು ಉಬ್ಬು, ತಗ್ಗುಗಳಿಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. 2×2 ಅಡಿಯ ಟೈಲ್ಸ್‌ಗೆ ಪಟ್ಟಿಯಡಿಯ ಸಂದು 3 ಮಿ.ಮೀ., 1 ಅಡಿಯದಕ್ಕೆ 6 ಮಿ.ಮೀ. ಮೀರಬಾರದು.

2. ನೆಲ ಪರೀಕ್ಷಿಸಿ: ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಕಿತ್ತು ತೆಗೆಸಿ. ಬಿರುಕಿನ ಒಂದು ಬದಿ ಕುಸಿದಿದ್ದರೆ ಕಾರಣ ಪತ್ತೆಯಾಗುವವರೆಗೆ ಕೆಲಸ ನಿಲ್ಲಿಸಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ; ಒಳಗೆ ಹನಿ ಕಟ್ಟಿದರೆ ನೆಲ ತೇವ ಎಳೆಯುತ್ತಿದೆ ಎಂದರ್ಥ. ನಾಲೆ, ಗದ್ದೆ ಬದಿಯ ಮನೆಗಳಲ್ಲಿ ಇದನ್ನು ಬಿಡಬೇಡಿ.

3. ಉಬ್ಬು ತೆಗೆಯಿರಿ: ಗ್ರೈಂಡರ್‌ನಿಂದ ಉಜ್ಜಿಸಿ. ಕಾಂಕ್ರೀಟ್ ಧೂಳು ಶ್ವಾಸಕೋಶಕ್ಕೆ ಅಪಾಯ, ಕೆಲಸಗಾರರಿಗೆ ಮಾಸ್ಕ್ ಕೊಡಿ. ನುಣುಪಾದ ರೆಡ್ ಆಕ್ಸೈಡ್ ನೆಲಕ್ಕೆ ಗಾರೆ ಹಿಡಿಯುವುದಿಲ್ಲ. ಕಚ್ಚು ಹಾಕಿಸಿ, ಧೂಳು, ಎಣ್ಣೆ ಹೋಗುವಂತೆ ತೊಳೆಸಿ.

4. ತಗ್ಗು ತುಂಬಿ: ಕೆಲವೇ ಮಿಲಿಮೀಟರ್ ತಗ್ಗಿದ್ದರೆ ಪ್ರೈಮರ್ ಬಳಿದು ಸೆಲ್ಫ್ ಲೆವೆಲಿಂಗ್ ಮಿಶ್ರಣ ಸುರಿಸಿ. ಚೀಲದ ಮೇಲೆ ಬರೆದಷ್ಟೇ ನೀರು ಹಾಕಬೇಕು. ಹೆಚ್ಚಾದರೆ ಮೇಲ್ಮೈ ಪುಡಿಯಾಗುತ್ತದೆ. ಬರೀ ಸಿಮೆಂಟ್ ಗಾರೆಯನ್ನು ತೆಳ್ಳಗೆ ಎಳೆದರೆ ಚಕ್ಕೆ ಏಳುತ್ತದೆ. ಒಂದು ಇಂಚಿನಷ್ಟು ತುಂಬಬೇಕಿದ್ದರೆ ನೆಲ ನೆನೆಸಿ, ಸಿಮೆಂಟ್ ಹಾಲು ಬಳಿದು, ಅದು ಹಸಿಯಿರುವಾಗಲೇ 1:4ರ ಸಿಮೆಂಟ್–ಮರಳಿನ ಗಾರೆ ಹಾಕಿ ಪಟ್ಟಿಯಿಂದ ಎಳೆಸಿ. ಏಳು ದಿನ ನೀರುಣಿಸಿ, ಆಮೇಲೆ ಒಣಗಲು ಬಿಡಿ.

5. ಎತ್ತರದ ಲೆಕ್ಕ: ಗಾರೆ, ಅಂಟು, ಟೈಲ್ಸ್ ಸೇರಿ ನೆಲ ಎಷ್ಟು ಏರುತ್ತದೆಂದು ಮೊದಲೇ ಅಳೆಯಿರಿ. ಹೊಸ್ತಿಲು ಹೂತುಹೋಗಬಾರದು, ಬಾಗಿಲು ನೆಲಕ್ಕೆ ತಾಗಬಾರದು. ಬಚ್ಚಲಿಗೆ ಮಾತ್ರ ಮಟ್ಟ ಬೇಡ; ಮೀಟರಿಗೆ 10ರಿಂದ 20 ಮಿ.ಮೀ. ಇಳಿಜಾರು ಬೇಕು.

ಕೊನೆಗೆ ಮತ್ತೊಮ್ಮೆ ಪಟ್ಟಿ ಇಟ್ಟು ನೋಡಿಯೇ ಟೈಲ್ಸ್ ಕೆಲಸ ಶುರು ಮಾಡಿಸಿ. ಮನೆಯಲ್ಲಿ ಮದುವೆಯೋ ಹಬ್ಬವೋ ಇದ್ದರೆ, ನೆಲ ನೀರು ಕುಡಿದು ಗಟ್ಟಿಯಾಗುವ ದಿನಗಳನ್ನೂ ಸೇರಿಸಿಕೊಂಡೇ ಮೇಸ್ತ್ರಿಗೆ ದಿನ ಗೊತ್ತು ಮಾಡಿ.